ತುಪ್ಪ ಬೇಡ, ತೆಂಗಿನೆಣ್ಣೆ ಹಾಕಿ: ಕರಾವಳಿಯಲ್ಲಿ ವೀಗನ್ ಆಗುವವರಿಗೆ

ಉಡುಪಿಯಲ್ಲಿ "ನಾನು ವೀಗನ್" ಅಂದರೆ ಎದುರಿನವರ ಮೊದಲ ಪ್ರಶ್ನೆ ಒಂದೇ: "ಹಾಗಾದ್ರೆ ನೀವು ಎಂತ ತಿನ್ನುದು?" ಹಾಲಿಲ್ಲ, ಮೊಸರಿಲ್ಲ, ತುಪ್ಪ ಇಲ್ಲ, ಮೀನು-ಮೊಟ್ಟೆ ಇಲ್ಲ, ಜೇನೂ ಇಲ್ಲ ಅಂದಾಗ ಪಾಪ, ಅವರ ಕಣ್ಣಿಗೆ ಖಾಲಿ ಬಾಳೆಎಲೆ ಕಾಣಿಸುತ್ತದೆ. ನಾನು ನಿನ್ನೆ ತಿಂದದ್ದು ಹೇಳುತ್ತೇನೆ ಕೇಳಿ. ಬೆಳಗ್ಗೆ ನೀರ್‌ದೋಸೆ, ಕಾಯಿ-ಬೆಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಅಲಸಂಡೆ ಬೀಜ ಹಾಕಿದ ಬಸಳೆ ಗಸಿ, ತೊಂಡೆಕಾಯಿ ಪಲ್ಯ, ಪುನರ್ಪುಳಿ (ಕೋಕಂ) ಸಾರು. ಸಂಜೆ ಬಜಿಲ್, ಅಂದರೆ ಅವಲಕ್ಕಿ. ರಾತ್ರಿ ಹೆಸರು ಗಂಜಿ, ಹುರಳಿ ಚಟ್ನಿ. ಇದರಲ್ಲಿ ಹೊಸದು ಏನಿದೆ? ನಮ್ಮಜ್ಜಿಗೆ ವೀಗನ್ ಅನ್ನುವ ಪದವೇ ಗೊತ್ತಿರಲಿಲ್ಲ. ಆದರೆ ಈ ಅಷ್ಟೂ ಅಡುಗೆ ಅವರದ್ದೇ.

ಪದ ಮಾತ್ರ ಹೊರಗಿನದು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು ಸೇರಿ ವೀಗನ್ ಸೊಸೈಟಿ ಶುರು ಮಾಡಿದಾಗ ಹುಟ್ಟಿದ ಪದ ಅದು. ಪ್ರಾಣಿಗಳಿಂದ ಬರುವ ಯಾವುದನ್ನೂ ತಿನ್ನದೆ, ಆದಷ್ಟು ಬಳಸದೆ ಬದುಕುವುದು ಅಂತ ಅರ್ಥ. ನಾನು ಇದಕ್ಕೆ ಬಂದದ್ದು ಪುಸ್ತಕ ಓದಿ ಅಲ್ಲ. ಮನೆಯ ಹಟ್ಟಿಯಲ್ಲಿ ದನ ಕರು ಹಾಕಿತ್ತು, ಗಂಡು ಕರು. ಹಾಲು ಕೊಡಬೇಕಾದರೆ ದನ ಕರು ಹಾಕಲೇಬೇಕು, ಹಾಕಿದ ಕರುಗಳಲ್ಲಿ ಸುಮಾರು ಅರ್ಧ ಗಂಡೇ ಆಗಿರುತ್ತವೆ, ಈಗ ಉಳುವುದಕ್ಕೆ ಟಿಲ್ಲರ್ ಇರುವಾಗ ಆ ಗಂಡು ಕರುಗಳನ್ನು ಯಾರು ಸಾಕುತ್ತಾರೆ ಅನ್ನುವ ಪ್ರಶ್ನೆ ಆ ದಿನದವರೆಗೆ ನನಗೆ ಹೊಳೆದೇ ಇರಲಿಲ್ಲ. ಮೂರು ತಿಂಗಳಿಗೆ ಅದನ್ನು ಕೊಟ್ಟುಬಿಟ್ಟರು. ತಾಯಿ ಎರಡು ದಿನ ಅಂಬಾ ಅಂತ ಕೂಗಿತು. ಆಮೇಲೆ ನನಗೆ ಕಾಫಿ ಲೋಟ ಎತ್ತುವುದು ಕಷ್ಟವಾಯಿತು, ಅಷ್ಟೇ.

ಇದು ಆರು ವರ್ಷದ ಹಿಂದಿನ ಮಾತು. ಈ ಆರು ವರ್ಷದಲ್ಲಿ ನನಗೆ ಗಟ್ಟಿಯಾದ ಒಂದು ವಿಷಯ ಏನೆಂದರೆ, ನಮ್ಮ ಊರಲ್ಲಿ ಮುಕ್ಕಾಲು ಕೆಲಸ ತೆಂಗಿನಕಾಯಿ ಮುಗಿಸಿಟ್ಟಿದೆ. ಉಳಿದ ಕಾಲು ಭಾಗಕ್ಕೆ ಮಾತ್ರ ನಾವು ಬೆವರು ಸುರಿಸಬೇಕು. ಹಾಗಾಗಿ ಆ ಕಾಲು ಭಾಗದ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಮೊದಲು ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬಿಡಬೇಡಿ. ದಿನವೂ ತಿನ್ನುವುದನ್ನೇ ತಿನ್ನಿ, ಆದರೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ವಾರದ ಕೊನೆಗೆ ಹಾಲು, ಮೊಸರು, ತುಪ್ಪ, ಮೊಟ್ಟೆ, ಮೀನು ಎಲ್ಲೆಲ್ಲಿ ಬಂದಿದೆಯೋ ಅಲ್ಲಿ ಗೆರೆ ಎಳೆಯಿರಿ. ನನ್ನ ಚೀಟಿಯಲ್ಲಿ ಐದೇ ಜಾಗ ಸಿಕ್ಕಿತ್ತು: ಎರಡು ಹೊತ್ತಿನ ಕಾಫಿ, ಊಟದ ಕೊನೆಯ ಮಜ್ಜಿಗೆ ಅನ್ನ, ದೋಸೆ ಮೇಲಿನ ತುಪ್ಪ, ಸಂಜೆಯ ಬಿಸ್ಕಿಟ್, ಭಾನುವಾರದ ಐಸ್‌ಕ್ರೀಮ್. ಇಡೀ ಜೀವನ ಬದಲಾಯಿಸಬೇಕು ಅಂತ ಹೆದರಿಕೊಂಡಿದ್ದವನಿಗೆ ಐದೇ ಐದು ಜಾಗ. ನಿಮ್ಮದು ಎಂಟೋ ಹತ್ತೋ ಇರಬಹುದು. ಆ ಚೀಟಿಯನ್ನು ಇಟ್ಟುಕೊಳ್ಳಿ, ಮುಂದಿನ ಕೆಲಸ ಪೂರ್ತಿ ಅದರ ಮೇಲೆಯೇ.

ಒಂದೊಂದಾಗಿ ಬಿಡಿ, ತಿಂಗಳ ಲೆಕ್ಕ ಇಟ್ಟುಕೊಳ್ಳಿ

ಒಂದೇ ದಿನ ಎಲ್ಲ ಬಿಟ್ಟವರನ್ನು ನೋಡಿದ್ದೇನೆ. ಹೆಚ್ಚಿನವರು ಮುಂದಿನ ಮದುವೆ ಊಟದಲ್ಲಿ ವಾಪಸ್ ಬಂದಿದ್ದಾರೆ. ನಮ್ಮಲ್ಲೇ ಇದಕ್ಕಿಂತ ಒಳ್ಳೆಯ ಒಂದು ಕ್ರಮ ಉಂಟು. ಉಡುಪಿಯ ಮಠಗಳಲ್ಲಿ, ಮಾಧ್ವ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ವ್ರತ ಹಿಡಿಯುತ್ತಾರೆ ಅಲ್ವಾ? ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆ-ಕಾಳು ಇಲ್ಲ. ಅವರ ಉದ್ದೇಶ ಬೇರೆ, ನಮ್ಮದು ಬೇರೆ. ಆದರೆ ಒಂದು ತಿಂಗಳು ಒಂದೇ ವಸ್ತು, ಶುರುವಿನ ದಿನ ಗೊತ್ತು, ಮುಗಿಯುವ ದಿನವೂ ಗೊತ್ತು. ಮನಸ್ಸು ಒಪ್ಪುವುದು ಇಂಥ ಲೆಕ್ಕಕ್ಕೇ. ನಾನು ಮಾಡಿದ್ದೂ ಹಾಗೆಯೇ: ಒಂದು ತಿಂಗಳು ತುಪ್ಪ ಬಿಟ್ಟೆ, ಮುಂದಿನ ತಿಂಗಳು ಮೊಸರು, ಅದರ ಮುಂದಿನ ತಿಂಗಳು ಹಾಲು. ಬಿಟ್ಟದ್ದನ್ನು ವಾಪಸ್ ತರಲಿಲ್ಲ, ಅಷ್ಟೇ ವ್ಯತ್ಯಾಸ.

ತುಪ್ಪದಿಂದ ಶುರು ಮಾಡಿ, ಯಾಕೆಂದರೆ ಅದು ಸುಲಭ. ದೋಸೆಗೆ ತೆಂಗಿನೆಣ್ಣೆ, ಒಗ್ಗರಣೆಗೆ ತೆಂಗಿನೆಣ್ಣೆ, ಗಂಜಿಗೆ ಒಂದು ಚಮಚ ತೆಂಗಿನೆಣ್ಣೆ. ಗಾಣದಿಂದ ತಂದ ಎಣ್ಣೆಯ ಪರಿಮಳ ಇರುವಾಗ ತುಪ್ಪದ ನೆನಪು ಎರಡೇ ವಾರದಲ್ಲಿ ಹೋಗುತ್ತದೆ.

ಮೀನು ತಿನ್ನುವ ಮನೆಯವರಿಗೆ ಇನ್ನೊಂದು ಕ್ಯಾಲೆಂಡರ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ತಾಜಾ ಮೀನು ಕಡಿಮೆ, ಇದ್ದರೂ ದುಬಾರಿ. ಅದೇ ಹೊತ್ತಿಗೆ ಹಿತ್ತಲಲ್ಲಿ ಕೆಸುವು, ತಜಂಕು ಸೊಪ್ಪು, ಕಣಿಲೆ (ಎಳೆ ಬಿದಿರು) ಎಲ್ಲ ಮೇಲೆ ಬಂದಿರುತ್ತವೆ, ತುಳುವರ ಮಳೆಗಾಲದ ಆಟಿ ತಿಂಗಳ ಅಡುಗೆ ಅಂದರೆ ಇವೇ. ಶುರು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ನನಗೆ ಕಾಣಿಸುವುದಿಲ್ಲ.

ಕಾಫಿ

ಹೆಚ್ಚಿನವರು ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಯಿಹಾಲು ಕಾಫಿಗೆ ಆಗುವುದಿಲ್ಲ, ಬಿಸಿಗೆ ಒಡೆಯುತ್ತದೆ, ಪರಿಮಳವೂ ಕಾಫಿಯ ಜೊತೆ ಜಗಳ ಆಡುತ್ತದೆ. ಪ್ಯಾಕೆಟ್ ಸೋಯಾ ಹಾಲು, ಬಾದಾಮಿ ಹಾಲು, ಓಟ್ಸ್ ಹಾಲು ಮಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ, ಆದರೆ ದಿನಕ್ಕೆ ಎರಡು ಲೋಟ ಕುಡಿಯುವವರಿಗೆ ಖರ್ಚು ಜಾಸ್ತಿ. ನಮ್ಮ ಊರಿನ ಉತ್ತರ ಗೇರುಬೀಜ.

ಇಡೀ ಬೀಜ ಬೇಡ, ತುಂಡು ಗೇರುಬೀಜ ತನ್ನಿ, ಕಡಿಮೆ ಬೆಲೆಗೆ ಸಿಗುತ್ತದೆ. ಅರ್ಧ ಕಪ್ ತುಂಡನ್ನು ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ. ನೀರು ಚೆಲ್ಲಿ, ಮಿಕ್ಸಿಗೆ ಹಾಕಿ, ಮೊದಲು ಕಾಲು ಕಪ್ ನೀರು ಮಾತ್ರ ಹಾಕಿ ಬೆಣ್ಣೆಯಂತೆ ನುಣ್ಣಗೆ ಅರೆಯಿರಿ. ಈ ಹೆಜ್ಜೆ ಮುಖ್ಯ. ಒಂದೇ ಸಲ ನೀರೆಲ್ಲ ಸುರಿದರೆ ತರಿತರಿ ಉಳಿದು ಲೋಟದ ತಳದಲ್ಲಿ ಕೂರುತ್ತದೆ. ಬೆರಳಿನ ನಡುವೆ ಉಜ್ಜಿ ನೋಡಿ, ತರಿ ಸಿಗಬಾರದು. ಆಮೇಲೆ ಎರಡು ಕಪ್ ನೀರು ಸೇರಿಸಿ ಮತ್ತೆ ಒಂದು ನಿಮಿಷ ತಿರುಗಿಸಿ. ಸೋಸುವುದು ಬೇಡ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಕುಡಿಯುವಾಗ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿ, ಉಕ್ಕಿಸಬೇಡಿ, ಉಕ್ಕಿಸಿದರೆ ಗಂಜಿಯಂತೆ ದಪ್ಪ ಆಗುತ್ತದೆ. ಡಿಕಾಕ್ಷನ್ ಸ್ವಲ್ಪ ಗಟ್ಟಿ ಇರಲಿ.

ಮೊದಲ ನಾಲ್ಕು ದಿನ ರುಚಿ ಬೇರೆ ಅನಿಸುತ್ತದೆ, ಯಾಕೆಂದರೆ ಬೇರೆಯೇ. ಹಾಲಿನ ಕಾಫಿಯ ಜೊತೆ ಹೋಲಿಸುತ್ತಾ ಕೂರಬೇಡಿ. ಹದಿನೈದು ದಿನ ಕುಡಿದು ನೋಡಿ, ಆಮೇಲೆ ಹೇಳಿ.

ಮಜ್ಜಿಗೆ ಅನ್ನದ ಜಾಗಕ್ಕೆ

ಊಟದ ಕೊನೆಗೆ ಮೊಸರು ಇಲ್ಲದಿದ್ದರೆ ಊಟ ಮುಗಿದಂತೆಯೇ ಅನಿಸುವುದಿಲ್ಲ. ನನಗೂ ಹಾಗೇ ಇತ್ತು. ಆದರೆ ಹೊಟ್ಟೆ ಕೇಳುವುದು ಏನನ್ನು ಅಂತ ಗಮನಿಸಿದರೆ, ತಂಪು ಮತ್ತು ಹುಳಿ, ಎರಡೇ. ಅದನ್ನು ಪುನರ್ಪುಳಿ ಚೆನ್ನಾಗಿ ಕೊಡುತ್ತದೆ. ಒಣ ಸಿಪ್ಪೆ ಆರೇಳು ನೀರಲ್ಲಿ ನೆನೆಸಿ, ಹಿಂಡಿ, ಉಪ್ಪು, ಹಸಿಮೆಣಸು, ಜಜ್ಜಿದ ಬೆಳ್ಳುಳ್ಳಿ, ಮೇಲಿಂದ ಒಂದು ಲೋಟ ಕಾಯಿಹಾಲು. ಕೊಂಕಣಿ ಮನೆಗಳಲ್ಲಿ ಬಿರಿಂಡಾ ಕಡಿ ಅನ್ನುತ್ತಾರೆ. ಅನ್ನಕ್ಕೆ ಕಲಸಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ನಮ್ಮ ಮನೆಯ ಮಕ್ಕಳು ಇದನ್ನೇ ಮೊದಲು ಕೇಳುತ್ತಾರೆ. ಬೆಳ್ಳುಳ್ಳಿ ತಿನ್ನದವರು ಜೀರಿಗೆ ಹಾಕಿ.

ಇಲ್ಲ, ಮೊಸರೇ ಬೇಕು ಅಂದರೆ ನೆಲಗಡಲೆ, ಅಂದರೆ ಶೇಂಗಾ ಮೊಸರು ಮಾಡಬಹುದು. ಒಂದು ಕಪ್ ನೆಲಗಡಲೆ ರಾತ್ರಿ ನೆನೆಸಿ, ಬೆಳಗ್ಗೆ ಸಿಪ್ಪೆ ಉಜ್ಜಿ ತೆಗೆದು, ಮೂರು ಕಪ್ ನೀರು ಹಾಕಿ ರುಬ್ಬಿ ತೆಳು ಬಟ್ಟೆಯಲ್ಲಿ ಹಿಂಡಿ. ಆ ಹಾಲನ್ನು ತಳ ಹಿಡಿಯದಂತೆ ಕಾಯಿಸಿ, ಉಗುರು ಬೆಚ್ಚಗೆ ಆದಮೇಲೆ ಹತ್ತು ಹಸಿಮೆಣಸಿನ ತೊಟ್ಟು ಮುಳುಗಿಸಿ ಮುಚ್ಚಿಡಿ. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು, ಮಳೆಗಾಲದಲ್ಲಿ ಬಟ್ಟೆ ಸುತ್ತಿ ಬೆಚ್ಚಗಿನ ಜಾಗದಲ್ಲಿ ಇಟ್ಟರೂ ಹನ್ನೆರಡು ಗಂಟೆ ಬೇಕಾಗುತ್ತದೆ. ಮೊದಲ ಸಲದ್ದು ನೀರುನೀರಾಗಿರುತ್ತದೆ, ಬೇಸರ ಮಾಡಬೇಡಿ. ಅದನ್ನೇ ಹೆಪ್ಪಾಗಿ ಹಾಕಿದರೆ ಎರಡನೆಯದು ಗಟ್ಟಿ ಬರುತ್ತದೆ. ತಂಬುಳಿಗೆ, ಮಜ್ಜಿಗೆ ಹುಳಿಗೆ, ಗೋಳಿಬಜೆ ಹಿಟ್ಟಿಗೆ, ಬನ್ಸ್ ಕಲಸುವುದಕ್ಕೆ ಇದು ಧಾರಾಳ ಆಗುತ್ತದೆ. ಸುಮ್ನೆ ಬಟ್ಟಲಲ್ಲಿ ಹಾಕಿ ತಿನ್ನುವುದಕ್ಕೆ ಮಾತ್ರ ನನಗೆ ಅಷ್ಟು ಹಿಡಿಸಿಲ್ಲ.

ಮೀನಿನ ರುಚಿ ಮಸಾಲೆಯಲ್ಲಿದೆ

ನಾನು ಮೀನು ತಿನ್ನುವ ಮನೆಯವನಲ್ಲ, ಹಾಗಾಗಿ ಇದು ಮಲ್ಪೆಯ ಗೆಳೆಯನೊಬ್ಬನಿಂದ ಕಲಿತದ್ದು. ಅವನು ಹೇಳುವುದು, ಪುಳಿಮುಂಚಿಯ ಖಾರ-ಹುಳಿ ಬಾಯಿಗೆ ಬಿದ್ದರೆ ಅರ್ಧ ಆಸೆ ತೀರುತ್ತದೆ. ಅದೇ ಮಸಾಲೆಗೆ ಅಣಬೆ ಅಥವಾ ಸುವರ್ಣಗಡ್ಡೆ ಹಾಕುತ್ತಾನೆ. ಸುಕ್ಕಕ್ಕೆ ಎಳೆ ಹಲಸು, ನಮ್ಮ ಗುಜ್ಜೆ. ಇದನ್ನು ಈಗ ಹೊರದೇಶದಲ್ಲಿ ಮಾಂಸದ ಬದಲಿ ಅಂತ ಡಬ್ಬಿಯಲ್ಲಿ ಮಾರುತ್ತಾರೆ, ನಮ್ಮಲ್ಲಿ ಮರದ ಬುಡದಲ್ಲಿ ಬಿದ್ದು ಹಾಳಾಗುತ್ತದೆ. ಕೋರಿ ರೊಟ್ಟಿಯ ರೊಟ್ಟಿ ಬರೀ ಅಕ್ಕಿಯದ್ದು, ಅದಕ್ಕೆ ಅಲಸಂಡೆ ಗಸಿ ಸುರಿದು ಐದು ನಿಮಿಷ ಬಿಟ್ಟು ತಿನ್ನಿ.

ಮನೆಯಲ್ಲಿ ಉಳಿದವರು ಮೀನು ತಿನ್ನುತ್ತಿದ್ದರೆ ಮೊದಲೇ ಮಸಾಲೆ ಅರ್ಧ ತೆಗೆದಿಡಲು ಹೇಳಿ. ಅಮ್ಮನಿಗೆ ಎರಡು ಅಡುಗೆ ಮಾಡಿಸುವುದು ನ್ಯಾಯ ಅಲ್ಲ. ನಿಮ್ಮ ಪಾತ್ರೆ ನೀವೇ ಇಡಿ, ನೀವೇ ತೊಳೆಯಿರಿ.

ಬಿ12 ಮಾತ್ರೆ ಬಿಡಬೇಡಿ

ಇದನ್ನು ದಯವಿಟ್ಟು ಹಗುರ ಮಾಡಬೇಡಿ. ಮೊದಲ ಒಂದೂವರೆ ವರ್ಷ ನಾನು ಮಾತ್ರೆ ತಗೊಳ್ಳಲಿಲ್ಲ. ಇಡ್ಲಿ ಹಿಟ್ಟು ಹುದುಗುತ್ತದಲ್ಲ, ಅದರಲ್ಲೇ ಸಿಗುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಎರಡೂ ಪಾದ ಜೋಮು. ಆಮೇಲೆ ದಿನವೂ ಶುರುವಾಯಿತು, ಚಪ್ಪಲಿ ಕಾಲಿನಿಂದ ಜಾರಿದ್ದೂ ಗೊತ್ತಾಗುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿ12 ತಳ ಕಂಡಿತ್ತು. ಇಂಜೆಕ್ಷನ್ ಕೊಟ್ಟರು, ಸರಿಯಾಗಲು ತಿಂಗಳುಗಳೇ ಹಿಡಿದವು.

ಬಿ12 ತಯಾರು ಮಾಡುವುದು ಬ್ಯಾಕ್ಟೀರಿಯಾ. ಗಿಡದ ಆಹಾರದಲ್ಲಿ ಅದು ನಂಬುವಷ್ಟು ಇಲ್ಲ. ಇಡ್ಲಿಯಲ್ಲಿಲ್ಲ, ಸ್ಪಿರುಲಿನಾದಲ್ಲಿಲ್ಲ, ಸೊಪ್ಪಿನಲ್ಲಿಲ್ಲ. ಸೊಪ್ಪು-ಕಾಳು ತುಂಬಾ ತಿನ್ನುವವರಿಗೆ ಫೋಲೇಟ್ ಚೆನ್ನಾಗಿ ಸಿಗುವುದರಿಂದ ರಕ್ತಹೀನತೆ ಕಾಣಿಸದೆ ಹೋಗಬಹುದು, ಒಳಗೆ ನರ ಮಾತ್ರ ಹಾಳಾಗುತ್ತಾ ಇರುತ್ತದೆ. ವೀಗನ್ ಸೊಸೈಟಿ ಹೇಳುವ ಲೆಕ್ಕ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ವಾರಕ್ಕೆ ಕನಿಷ್ಠ 2000 ಮೈಕ್ರೋಗ್ರಾಂ. ಶುರುವಿನಲ್ಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ವರ್ಷಕ್ಕೊಮ್ಮೆ ಮತ್ತೆ. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ಬಿ12 ಕಡಿಮೆ ಇರುವುದು ನಮ್ಮಲ್ಲಿ ಸಾಮಾನ್ಯ, ಹಾಗಾಗಿ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ಬೇರೆ ಕಾಯಿಲೆಗೆ ಔಷಧಿ ತಗೊಳ್ಳುವವರು ಡಾಕ್ಟರ ಜೊತೆ ಮಾತಾಡದೆ ಶುರು ಮಾಡಲೇಬೇಡಿ.

ಉಳಿದವು ಅಡುಗೆಮನೆಯಲ್ಲೇ ಸಿಗುತ್ತವೆ. ಸುಣ್ಣದಂಶಕ್ಕೆ ರಾಗಿ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಾಯಿಹಾಲು-ಬೆಲ್ಲ ಹಾಕಿದ ರಾಗಿ ಮಣ್ಣಿ ವಾರಕ್ಕೆ ಎರಡು ಸಲವಾದರೂ ಮಾಡಿ. ಎಳ್ಳಿನಲ್ಲಿ ಇನ್ನೂ ಜಾಸ್ತಿ. ನುಗ್ಗೆ ಸೊಪ್ಪು ಒಳ್ಳೆಯದು. ಹರಿವೆ, ಬಸಳೆಯಲ್ಲಿ ಆಕ್ಸಲೇಟ್ ಇರುವುದರಿಂದ ಅವುಗಳ ಕ್ಯಾಲ್ಸಿಯಂ ಮೈಗೆ ಅಷ್ಟು ಹತ್ತುವುದಿಲ್ಲ. ಪ್ರೋಟೀನಿಗೆ ಹುರಳಿ, ಹೆಸರು, ಕಡಲೆ, ಅಲಸಂಡೆ. ಇಲ್ಲಿ ಒಂದು ಮಾತು ಹೇಳಲೇಬೇಕು: ನಮ್ಮ ಸಾರು-ಸಾಂಬಾರಿನಲ್ಲಿ ಬೇಳೆ ಹುಡುಕಬೇಕಾಗುತ್ತದೆ. ಅದನ್ನು ಪ್ರೋಟೀನ್ ಅಂತ ಲೆಕ್ಕ ಹಾಕಬೇಡಿ. ದಿನಕ್ಕೆ ಎರಡು ಊಟದಲ್ಲಿ ಒಂದೊಂದು ಬಟ್ಟಲು ಗಟ್ಟಿ ಕಾಳು ಇರಲಿ. ಕಡ್ಲೆ ಸುಕ್ಕ, ದಾಳಿತೋವೆ, ಹೆಸರುಕಾಳು ಉಸ್ಲಿ, ಯಾವುದಾದರೂ ಆಗಬಹುದು. ಕಾಳಿನ ಜೊತೆ ಲಿಂಬೆ ಹಿಂಡಿ, ಕಬ್ಬಿಣದಂಶ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಬೇಡ. ಮೀನು ಬಿಟ್ಟವರು ದಿನಕ್ಕೊಂದು ಚಮಚ ಅಗಸೆ ಪುಡಿ ತಿನ್ನಿ. ಕಲ್ಲುಪ್ಪು ಮಾತ್ರ ಬಳಸುವ ಮನೆಯಲ್ಲಿ ಅಯೋಡಿನ್ ಸೇರಿಸಿದ ಉಪ್ಪಿನ ಪ್ಯಾಕೆಟ್ಟೂ ಒಂದಿರಲಿ. ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲೇ ಇಲ್ಲ, ಹಾಗಾಗಿ ವಿಟಮಿನ್ ಡಿಯನ್ನೂ ಪರೀಕ್ಷೆಯಲ್ಲಿ ನೋಡಿಸಿ. ಇನ್ನೊಂದು, ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ತುಂಬಾ ಇದೆ. ಕೊಲೆಸ್ಟ್ರಾಲ್ ಇರುವವರು ಕೈ ಹಿಡಿದು ಸುರಿಯಿರಿ.

ಅಂಗಡಿ, ಹೋಟೆಲ್

ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ನೋಡಿ ಮೋಸ ಹೋಗಬೇಡಿ. ಹಾಲು, ಜೇನು ಇದ್ದರೂ ಹಸಿರು ಚುಕ್ಕಿ ಬರುತ್ತದೆ. ಹಿಂದೆ ತಿರುಗಿಸಿ ಅಲರ್ಜಿ ಮಾಹಿತಿ ಓದಿ, ಹಾಲು ಇದ್ದರೆ ಅಲ್ಲಿ ಬರೆದಿರಲೇಬೇಕು. ವೇ, ಕೇಸಿನ್, ಮಿಲ್ಕ್ ಸಾಲಿಡ್ಸ್ ಎಲ್ಲವೂ ಹಾಲೇ. 2022ರ ನಿಯಮದ ಪ್ರಕಾರ ವೀಗನ್ ಆಹಾರಕ್ಕೆ ಬೇರೆಯೇ ಗುರುತು ಬಂದಿದೆ, ಹಸಿರು ಬಣ್ಣದ ವಿ ಅಕ್ಷರ, ಅದರಲ್ಲೊಂದು ಎಲೆ.

ಉಡುಪಿ ಹೋಟೆಲಲ್ಲಿ ಹಸಿವಿನಿಂದ ಎದ್ದು ಬರುವ ಪ್ರಶ್ನೆಯೇ ಇಲ್ಲ. ಇಡ್ಲಿ, ವಡೆ, ಸಾಂಬಾರು, ನೀರ್‌ದೋಸೆ, ಸೇಮಿಗೆ ಸಾಮಾನ್ಯವಾಗಿ ನಡೆಯುತ್ತವೆ. ಬನ್ಸ್, ಗೋಳಿಬಜೆಯಲ್ಲಿ ಮೊಸರು ಇರುತ್ತದೆ, ಶಿರಾದಲ್ಲಿ ತುಪ್ಪ. "ವೀಗನ್" ಅಂತ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, "ಹಾಲು ಹಾಕಬೇಡಿ" ಅಂದರೆ ತುಪ್ಪ ಹಾಕುತ್ತಾರೆ. "ಮಸಾಲೆ ದೋಸೆ ಒಂದು, ತುಪ್ಪ-ಬೆಣ್ಣೆ ಬೇಡ, ಎಣ್ಣೆ ಹಾಕಿ, ಚಟ್ನಿಗೆ ಮೊಸರು ಹಾಕಿದ್ದೀರಾ ಅಣ್ಣಾ?" ಇಷ್ಟನ್ನು ಒಂದೇ ಉಸಿರಿಗೆ, ಆರ್ಡರ್ ಕೊಡುವಾಗಲೇ ಹೇಳಿ.

ಅಡುಗೆಮನೆಯ ಹೊರಗಿನದ್ದಕ್ಕೆ ಅವಸರ ಬೇಡ. ಇರುವ ಚರ್ಮದ ಚಪ್ಪಲಿ, ರೇಷ್ಮೆ ಸೀರೆ ಎಸೆಯುವುದರಿಂದ ಯಾರಿಗೂ ಲಾಭ ಇಲ್ಲ. ಸವೆದ ಮೇಲೆ ಬೇರೆ ತಗೊಳ್ಳಿ. ಸೀರೆಗೆ ನಮ್ಮ ಉಡುಪಿ ಕೈಮಗ್ಗದ ಹತ್ತಿ ಸೀರೆಯೇ ಇದೆ. ಜೇನಿನ ಬದಲು ಜೋನಿ ಬೆಲ್ಲ.

ನೆಂಟರು, ಪೂಜೆ, ಮದುವೆ

ಆರು ವರ್ಷದಲ್ಲಿ ನನ್ನನ್ನು ಹೆಚ್ಚು ಅಲುಗಾಡಿಸಿದ್ದು ಆಸೆ ಅಲ್ಲ, ಪ್ರೀತಿ. ದೊಡ್ಡಮ್ಮ ತುಪ್ಪದ ಮಿಳ್ಳೆ ಹಿಡಿದು ಎದುರು ನಿಂತು, "ಒಂದು ಚಮಚ ತುಪ್ಪಕ್ಕೆ ಎಂತಾಗ್ತದೆ ಮಾರಾಯ, ನಾನೇ ಕಾಯಿಸಿದ್ದು" ಅಂದಾಗ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಎಲೆಯ ಮುಂದೆ ಕೂತು ಗಂಡು ಕರುವಿನ ಕಥೆ ಹೇಳಬೇಡಿ. ನಾನು ಒಮ್ಮೆ ಹೇಳಿದೆ, ದೊಡ್ಡಮ್ಮ ಕಣ್ಣೀರು ಹಾಕಿದರು, ಆ ಊಟ ಯಾರಿಗೂ ಸೇರಲಿಲ್ಲ. ಈಗ ಎರಡು ದಿನ ಮೊದಲೇ ಫೋನ್ ಮಾಡುತ್ತೇನೆ. "ದೊಡ್ಡಮ್ಮಾ, ನಿಮ್ಮ ಪತ್ರೊಡೆ ತಿನ್ನದೆ ಒಂದು ವರ್ಷ ಆಯ್ತು, ಮಾಡ್ತೀರಾ?" ಪತ್ರೊಡೆಯಲ್ಲಿ ಹಾಲಿಲ್ಲ, ತುಪ್ಪ ಇಲ್ಲ. ಅವರಿಗೂ ಬಡಿಸಿದ ಖುಷಿ, ನನಗೂ ನೆಮ್ಮದಿ. ಅವರ ಅಡುಗೆಯಲ್ಲಿ ಇಂಥದ್ದು ಕಡಿಮೆ ಎಂದರೂ ಇಪ್ಪತ್ತು ಉಂಟು. ಬೇಡ ಅನ್ನುವ ಮೊದಲು ಯಾವುದು ಬೇಕು ಅಂತ ಕೇಳಿಕೊಂಡುಬಿಡಿ.

ತಪ್ಪಿ ತಿಂದರೆ ಲೆಕ್ಕ ಮೊದಲಿನಿಂದ ಶುರು ಮಾಡಬೇಕಿಲ್ಲ. ಮಾವನ ಮನೆಯಲ್ಲಿ ಚಪಾತಿ ಹಿಟ್ಟಿಗೆ ಹಾಲು ಹಾಕಿದ್ದು ಅರ್ಧ ತಿಂದ ಮೇಲೆ ಗೊತ್ತಾಗಿತ್ತು. ತಿಂದು ಮುಗಿಸಿದೆ. ಮುಂದಿನ ಸಲ ಕೇಳಿಕೊಂಡೆ.

ದೇವಸ್ಥಾನದಲ್ಲಿ ನಾನು ತುಳಸಿ ತೀರ್ಥ, ಹೂವು ತಗೊಳ್ಳುತ್ತೇನೆ, ತುಪ್ಪದ ಪಂಚಕಜ್ಜಾಯ ಪಕ್ಕದ ಮಗುವಿನ ಕೈಗೆ ಕೊಡುತ್ತೇನೆ. ಇದು ನನ್ನ ದಾರಿ. ನೀವು ಪ್ರಸಾದಕ್ಕೆ ವಿನಾಯಿತಿ ಇಟ್ಟುಕೊಂಡರೆ ಯಾರೂ ಪ್ರಶ್ನಿಸಬೇಕಾಗಿಲ್ಲ.

ಮದುವೆ ಊಟಕ್ಕೆ ಮಾತ್ರ ಒಂದು ಉಪಾಯ ಹೇಳಿಕೊಡುತ್ತೇನೆ. ನಮ್ಮ ಕಡೆಯ ಕಡ್ಲೆಬೇಳೆ ಪಾಯಸಕ್ಕೆ ಹಾಕುವುದು ಕಾಯಿಹಾಲು ಮತ್ತು ಬೆಲ್ಲ. ಹೆಚ್ಚಾಗಿ ತುಪ್ಪ ಬೀಳುವುದು ಕೊನೆಗೆ, ಗೇರುಬೀಜ-ದ್ರಾಕ್ಷಿ ಹುರಿದು ಹಾಕುವಾಗ. ಹಾಗಾಗಿ ಮುಹೂರ್ತಕ್ಕೆ ಒಂದು ಗಂಟೆ ಮೊದಲೇ ಹೋಗಿ ಅಡುಗೆಯ ಭಟ್ರ ಹತ್ತಿರ ನಿಂತು ಮಾತಾಡಿಸಿ. ಹೋದ ತಿಂಗಳು ಬ್ರಹ್ಮಾವರದ ಮದುವೆಯಲ್ಲಿ ಹೀಗೇ ಕೇಳಿದೆ. ಭಟ್ರು ಹೊಗೆಯ ನಡುವೆ ಕಣ್ಣು ಸಣ್ಣ ಮಾಡಿ ನನ್ನನ್ನೊಮ್ಮೆ ನೋಡಿದರು, ಸೌಟಿನಲ್ಲಿ ಪಾಯಸ ಎತ್ತಿ ಒಂದು ಸ್ಟೀಲ್ ಚೊಂಬಿಗೆ ಹಾಕಿ, ಮುಚ್ಚಳ ಮುಚ್ಚಿ, ಬದಿಗೆ ಸರಿಸಿದರು. "ಇದು ನಿಮ್ಮದು. ಮೂರನೇ ಪಂಕ್ತಿಗೆ ಕೂತ್ಕೊಳ್ಳಿ, ನಾನೇ ತರ್ತೇನೆ" ಅಂದರು.